ಟ್ಯಾಂಕ್ ಸಾಹೇಬರ ಬಸ್ಸಿನ ಹಿಂದೆ ಏಳು ದಿನ

ಅಪ್ಪ ಎಚ್‌ಎಎಲ್‌ನಲ್ಲಿ ಏರ್‌ಫ್ರೇಮ್ ಫಿಟ್ಟರ್ ಆಗಿದ್ದವರು. ಇಪ್ಪತ್ತನೇ ವಯಸ್ಸಿಗೆ ಕೆಲಸಕ್ಕೆ ಸೇರಿದರು. ಹಾಕಿದ್ದು ಮಾರುತ್ ಹ್ಯಾಂಗರ್‌ಗೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆ ನಿಂತಿದೆಯಲ್ಲ, ಆ ಚೂಪು ಮೂತಿಯ ಜೆಟ್, ಅದೇ ಮಾರುತ್. ಅದರ ವಿನ್ಯಾಸ ಮಾಡಿದವರು ಕುರ್ಟ್ ಟ್ಯಾಂಕ್ ಎಂಬ ಜರ್ಮನ್ ಎಂಜಿನಿಯರ್. ಯುದ್ಧ ಮುಗಿದ ಮೇಲೆ ಅರ್ಜೆಂಟೀನಾಗೆ ಹೋಗಿ, 1956ರಲ್ಲಿ ಬೆಂಗಳೂರಿಗೆ ಬಂದರು. ಮಾರುತ್ ಮೊದಲ ಸಲ ಹಾರಿದ್ದು 1961ರ ಜೂನ್ 17ಕ್ಕೆ. ಅಪ್ಪ ಸೇರುವ ಹೊತ್ತಿಗೆ ಟ್ಯಾಂಕ್ ವಾಪಸ್ ಹೋಗಿ ಆಗಿತ್ತು. ಆದರೂ ಹಳಬರ ಮಾತಿನಲ್ಲಿ "ಟ್ಯಾಂಕ್ ಸಾಹೇಬ್ರು" ದಿನಾ ಬರುತ್ತಿದ್ದರಂತೆ.

ಈ ಬೇಸಿಗೆಯಲ್ಲಿ ಅಪ್ಪ ಮೂರು ತಿಂಗಳಿಗೆಂದು ಹ್ಯಾಂಬರ್ಗ್‌ಗೆ, ನನ್ನ ಮನೆಗೆ ಬಂದರು. ಎರಡನೇ ವಾರಕ್ಕೇ ಬೇಜಾರು. ಸ್ವಿಟ್ಜರ್ಲೆಂಡ್ ತೋರಿಸ್ತೀನಿ ಅಂದೆ. "ಹಿಮ ನೋಡಿ ಏನ್ಮಾಡ್ಲಿ? ಟ್ಯಾಂಕ್ ಸಾಹೇಬ್ರು ಮಾಡಿದ ಆ ದೊಡ್ಡ ವಿಮಾನ ಎಲ್ಲಾದ್ರೂ ಇದೆಯಾ ನೋಡು" ಅಂದರು. ಅವರು ಕೇಳಿದ್ದು ಫೋಕೆ-ವುಲ್ಫ್ 200 ಕಾಂಡರ್ ಬಗ್ಗೆ. ಎರಡನೇ ಮಹಾಯುದ್ಧದಲ್ಲಿ ಅಟ್ಲಾಂಟಿಕ್ ಸಾಗರದ ಮೇಲೆ ಗಂಟೆಗಟ್ಟಲೆ ಹಾರಿ, ಬ್ರಿಟನ್‌ಗೆ ಸಾಮಾನು ತರುವ ಹಡಗುಗಳನ್ನು ಹುಡುಕಿ ಮುಳುಗಿಸುತ್ತಿದ್ದ ವಿಮಾನ. ಅದು ನಿಜಕ್ಕೂ ಅಷ್ಟು ಭಯಂಕರವಾಗಿತ್ತಾ, ಇಲ್ಲ ಸುಮ್ನೆ ಹೆಸರು ಮಾಡಿತ್ತಾ? ನನಗೂ ಕುತೂಹಲ. ಏಳು ದಿನ ರಜೆ ಹಾಕಿದೆ.

ಮೊದಲ ದಿನ: ಬ್ರೆಮೆನ್

ಹ್ಯಾಂಬರ್ಗ್‌ನಿಂದ ಬ್ರೆಮೆನ್ ರೈಲಿನಲ್ಲಿ ಒಂದು ಗಂಟೆಯ ದಾರಿ. ಊರ ಮಧ್ಯದಿಂದ 6ನೇ ನಂಬರ್ ಟ್ರಾಮ್ ಹತ್ತಿದರೆ ಸೀದಾ ವಿಮಾನ ನಿಲ್ದಾಣದ ಬಾಗಿಲಿಗೇ ಇಳಿಸುತ್ತದೆ. ಫೋಕೆ-ವುಲ್ಫ್ ಕಂಪನಿ 1923ರಲ್ಲಿ ಹುಟ್ಟಿದ್ದು ಈ ಊರಿನಲ್ಲೇ. ಈಗ ಇಲ್ಲಿ ಏರ್‌ಬಸ್ ಕಾರ್ಖಾನೆ ಇದೆ. ನಮ್ಮಂಥವರಿಗೆ ಒಳಗೆ ಪ್ರವೇಶವಿಲ್ಲ. ಅಪ್ಪ ಬೇಲಿಯ ಹೊರಗೆ ನಿಂತು ಶೆಡ್‌ಗಳ ಸಾಲನ್ನು ತುಂಬಾ ಹೊತ್ತು ನೋಡಿದರು. ಶಿಫ್ಟ್ ಮುಗಿಸಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದವರನ್ನು ನೋಡಿ, "ನಮ್ ವಿಮಾನಪುರದ ಗೇಟ್ ಥರಾನೇ ಇದೆ" ಅಂದರು.

ಕಾಂಡರ್ ಯುದ್ಧಕ್ಕೆಂದು ಹುಟ್ಟಿದ್ದಲ್ಲ. ಅದು ಲುಫ್ತಾನ್ಸಾಗೆ ಮಾಡಿಕೊಟ್ಟ ಪ್ರಯಾಣಿಕರ ವಿಮಾನ. ನಾಲ್ಕು ಎಂಜಿನ್, ಉದ್ದನೆಯ ರೆಕ್ಕೆ, ಮೊದಲ ಹಾರಾಟ 1937ರಲ್ಲಿ. ಮರುವರ್ಷ ಆಗಸ್ಟ್‌ನಲ್ಲಿ ಬರ್ಲಿನ್‌ನಿಂದ ಹೊರಟು ಎಲ್ಲೂ ಇಳಿಯದೆ ನ್ಯೂಯಾರ್ಕ್ ತಲುಪಿತು. ಸುಮಾರು 25 ಗಂಟೆ ಹಿಡಿಯಿತು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಟೋಕಿಯೋಗೂ ಹೋಯಿತು. ಜಪಾನಿನ ನೌಕಾಪಡೆಯವರು ಅದನ್ನು ನೋಡಿ, ಸಮುದ್ರದ ಮೇಲೆ ಕಾವಲಿಗೆ ಇಂಥದ್ದೊಂದು ಮಾಡಿಕೊಡಿ ಅಂದರು. ಟ್ಯಾಂಕ್ ನಕ್ಷೆ ಬರೆಯತೊಡಗಿದರು. ಅಷ್ಟರಲ್ಲಿ ಯುದ್ಧ ಬಂತು.

ಯುದ್ಧ ಬಂದಾಗ ಜರ್ಮನ್ ವಾಯುಸೇನೆಯ ಹತ್ತಿರ ಅಟ್ಲಾಂಟಿಕ್‌ನ ಒಳಗೆ ದೂರ ಹೋಗಿ ಬರುವ ಬಾಂಬರ್ ಒಂದೂ ಇರಲಿಲ್ಲ. ಅದಕ್ಕೆಂದೇ ಶುರು ಮಾಡಿದ್ದ ಹೈಂಕೆಲ್ 177 ಇನ್ನೂ ತಯಾರಾಗಿರಲಿಲ್ಲ. ಎಡ್ಗರ್ ಪೀಟರ್ಸನ್ ಎಂಬ ಅಧಿಕಾರಿಗೆ ಏನಾದರೂ ದಾರಿ ಹುಡುಕು ಎಂದು ಹೇಳಿದರು. ಆತ ಕೈಯಲ್ಲಿ ಇದ್ದದ್ದರಲ್ಲೇ ದೂರ ಹಾರುವುದನ್ನು ಹಿಡಿದುಕೊಂಡ. ಸೀಟು ಕಿತ್ತರು, ಪೆಟ್ರೋಲ್ ಟ್ಯಾಂಕು ತುಂಬಿದರು, ಹೊಟ್ಟೆಯಡಿ ಬಾಂಬಿಗೆ ಒಂದು ತೊಟ್ಟಿ ಕಟ್ಟಿದರು, ಅಲ್ಲಲ್ಲಿ ಮೆಷಿನ್‌ಗನ್ ಸಿಕ್ಕಿಸಿದರು.

ಅಪ್ಪ ಇದನ್ನು ಕೇಳಿದ ತಕ್ಷಣ ತಲೆ ಅಲ್ಲಾಡಿಸಿದರು. "ಬಸ್ಸನ್ನ ಲಾರಿ ಮಾಡಿದ್ದಾರೆ. ಚಾಸಿ ಬಸ್ಸಿನದೇ ಅಲ್ವಾ?"

ಸಂಜೆ ಊರ ಚೌಕದಲ್ಲಿ ಕತ್ತೆ, ನಾಯಿ, ಬೆಕ್ಕು, ಹುಂಜ ಒಂದರ ಮೇಲೊಂದು ನಿಂತಿರುವ ಪ್ರತಿಮೆ ನೋಡಿದೆವು. ಕತ್ತೆಯ ಮುಂಗಾಲು ಹಿಡಿದುಕೊಂಡರೆ ಒಳ್ಳೆಯದಾಗುತ್ತದಂತೆ. ಅಪ್ಪ ಎರಡೂ ಕೈಯಲ್ಲಿ ಹಿಡಿದರು.

ಎರಡನೇ ದಿನ: ಬರ್ಲಿನ್

ಇವತ್ತಿಗೆ ಉಳಿದಿರುವ ಕಾಂಡರ್ ಒಂದೇ ಒಂದು. 1942ರ ಫೆಬ್ರವರಿಯಲ್ಲಿ ನಾರ್ವೆಯ ಟ್ರಾಂಡ್‌ಹೈಮ್ ಫ್ಯೋರ್ಡ್‌ನ ನೀರಿಗೆ ಇಳಿದು ಮುಳುಗಿದ್ದು. 1999ರಲ್ಲಿ ಮೇಲೆತ್ತುವಾಗ ಮುರಿದು ಚೂರಾಯಿತು. ಆ ಚೂರುಗಳನ್ನು ಬ್ರೆಮೆನ್‌ಗೆ ತಂದು, ನಿವೃತ್ತ ವಿಮಾನ ಕೆಲಸಗಾರರೇ ಹೆಚ್ಚಾಗಿ ಸೇರಿ ಇಪ್ಪತ್ತು ವರ್ಷ ಜೋಡಿಸಿದರು. ಸಂಬಳವಿಲ್ಲ, ಸುಮ್ನೆ ಪ್ರೀತಿಗೆ. 2021ರಲ್ಲಿ ಅದು ಬರ್ಲಿನ್‌ನ ತಾಂತ್ರಿಕ ವಸ್ತು ಸಂಗ್ರಹಾಲಯದ ಸೊತ್ತಾಗಿ ಟೆಂಪಲ್‌ಹೋಫ್ ಹಳೆಯ ವಿಮಾನ ನಿಲ್ದಾಣಕ್ಕೆ ಬಂತು. ಹೋಗುವವರು ಯಾವ ದಿನ ನೋಡಬಹುದು ಎಂದು ಮೊದಲೇ ವಿಚಾರಿಸಿಕೊಳ್ಳಿ.

ಹ್ಯಾಂಗರ್ ಬಾಗಿಲಲ್ಲಿ ಅಪ್ಪ ಚಪ್ಪಲಿ ಬಿಡಲು ಹೋದರು. ಬೇಡ ಅಂದೆ.

ಅದರ ಮುಂದೆ ನಿಂತಾಗ ಮೊದಲು ಕಾಣುವುದು ಗಾತ್ರ. ರೆಕ್ಕೆ ತುದಿಯಿಂದ ತುದಿಗೆ ಸುಮಾರು 33 ಮೀಟರ್. ಆಮೇಲೆ ಕಾಣುವುದು ಮೈಯ ತೆಳುವು. ಅಪ್ಪ ಕೈ ಹಿಂದೆ ಕಟ್ಟಿಕೊಂಡು ಮೂಗಿನಿಂದ ಬಾಲದವರೆಗೆ ನಿಧಾನಕ್ಕೆ ನಡೆದರು. ಅವರು ರಿವೆಟ್ ನೋಡುವ ರೀತಿ, ನಮ್ಮ ಅಜ್ಜಿ ಮದುವೆ ಮನೆಯಲ್ಲಿ ಸೊಸೆಯ ಸೀರೆ ಅಂಚು ನೋಡುತ್ತಿದ್ದ ಹಾಗೆ. ರೆಕ್ಕೆಯ ಹಿಂದೆ, ಮೈ ಸಪೂರ ಆಗುವ ಕಡೆ ನಿಂತುಬಿಟ್ಟರು.

"ಇಲ್ಲೇ ಮುರಿಯತ್ತೆ" ಅಂದರು.

ನಾನು ಓದಿಕೊಂಡು ಬಂದಿದ್ದೆ, ಆದರೆ ಅವರಿಗೆ ಹೇಳಿರಲಿಲ್ಲ. ನಿಜಕ್ಕೂ ಅಲ್ಲೇ ಮುರಿಯುತ್ತಿತ್ತು. ಹತ್ತು ಹದಿನಾಲ್ಕು ಗಂಟೆ ಹಾರಿ ಬಂದ ಕಾಂಡರ್, ರನ್‌ವೇ ಮೇಲೆ ಸ್ವಲ್ಪ ಜೋರಾಗಿ ಕೂತರೆ ಸಾಕು, ಬೆನ್ನು ಲಟಕ್ಕನೆ ಮುರಿದು ಬಾಲ ನೆಲಕ್ಕೆ. ಹಾಗೆ ಬಿದ್ದಿರುವ ವಿಮಾನಗಳ ಫೋಟೋ ಎಷ್ಟೋ ಇವೆ. ಶತ್ರು ಒಂದು ಗುಂಡೂ ಹಾರಿಸಬೇಕಾಗಿರಲಿಲ್ಲ. ಪೆಟ್ರೋಲ್ ಪೈಪುಗಳು ಹೊಟ್ಟೆಯಡಿಯಲ್ಲೇ ಓಡುತ್ತಿದ್ದವು, ಅವಕ್ಕೆ ರಕ್ಷಣೆಯೇ ಇರಲಿಲ್ಲ. ಕೆಳಗಿನ ಹಡಗಿನಿಂದ ಯಾರೋ ಒಬ್ಬ ಮೆಷಿನ್‌ಗನ್ ಹೊಡೆದು ಅದೃಷ್ಟ ಚೆನ್ನಾಗಿದ್ದರೆ ಕಥೆ ಮುಗಿಯಿತು. ಪ್ರಯಾಣಿಕರ ವಿಮಾನಕ್ಕೆ ಕೆಳಗಿನಿಂದ ಯಾರು ಗುಂಡು ಹೊಡೆಯುತ್ತಾರೆ ಎಂದು ಟ್ಯಾಂಕ್ ಯೋಚಿಸಿರಲಿಲ್ಲ. ಯೋಚಿಸಬೇಕಾಗಿಯೂ ಇರಲಿಲ್ಲ.

ಬಾಂಬು ಎಷ್ಟು ಒಯ್ಯುತ್ತಿತ್ತು ಎಂದು ಅಪ್ಪ ಕೇಳಿದರು. ದೂರದ ಗಸ್ತಿಗೆ ಸಾಮಾನ್ಯವಾಗಿ 250 ಕೆ.ಜಿ.ಯ ನಾಲ್ಕು.

"ನಾಲ್ಕು ಬಾಂಬಿಗೆ ನಾಲ್ಕು ಎಂಜಿನ್ನಾ?"

ಉಳಿದದ್ದೆಲ್ಲ ಪೆಟ್ರೋಲ್ ಅಪ್ಪಾ, ಅಂದೆ. ಹೊರಗೆ ಬಂದ ಮೇಲೆ ಬೆಂಚಿನ ಮೇಲೆ ಕೂತು ಅವಲಕ್ಕಿ ಡಬ್ಬಿ ತೆರೆದರು. ಮಾರುತ್‌ನ ತೊಂದರೆ ಏನಿತ್ತು ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ವಿನ್ಯಾಸಕ್ಕೆ ತಕ್ಕ ಶಕ್ತಿಯ ಎಂಜಿನ್ ಕೊನೆಗೂ ಸಿಗಲಿಲ್ಲ, ಸಣ್ಣ ಆರ್ಫಿಯಸ್ ಎಂಜಿನ್‌ಗಳಲ್ಲೇ 147 ವಿಮಾನ ಮಾಡಿ ನಿಲ್ಲಿಸಿದರು. ಅಪ್ಪ ಅವಲಕ್ಕಿ ಅಗಿಯುತ್ತಾ ಹೇಳಿದರು: "ನಮ್ಮದಕ್ಕೆ ಮೈ ಇತ್ತು, ಎಂಜಿನ್ ಇರ್ಲಿಲ್ಲ. ಇದಕ್ಕೆ ಎಂಜಿನ್ ಇತ್ತು, ಬೆನ್ನಿರ್ಲಿಲ್ಲ. ಪಾಪ ಟ್ಯಾಂಕ್ ಸಾಹೇಬ್ರು."

ಮೂರನೇ ದಿನ: ದಾರಿಯಲ್ಲೇ

ಬರ್ಲಿನ್‌ನಿಂದ ಫ್ರಾನ್ಸಿನ ಬೋರ್ಡೋಗೆ. ನಡುವೆ ವಿಮಾನ ಬದಲಿಸಬೇಕಿತ್ತು, ಅಲ್ಲಿ ನಾಲ್ಕು ಗಂಟೆ ತಡ, ಅಪ್ಪನ ಸೂಟ್‌ಕೇಸ್ ಬರಲೇ ಇಲ್ಲ. ಬಿಪಿ ಮಾತ್ರೆ ಕೈಚೀಲದಲ್ಲಿತ್ತು, ಪುಣ್ಯ. ರಾತ್ರಿ ನನ್ನ ಟೀ ಶರ್ಟ್ ಹಾಕಿಕೊಂಡು ಮಲಗಿದರು. ಬೇರೆ ಬರೆಯುವಂಥದ್ದು ಏನೂ ಇಲ್ಲ.

ನಾಲ್ಕನೇ ದಿನ: ಬೋರ್ಡೋ

ಬೆಳಿಗ್ಗೆ ಎದ್ದಾಗ ಸೂಟ್‌ಕೇಸ್ ಹೋಟೆಲಿಗೇ ಬಂದಿತ್ತು. ಅಪ್ಪ ಖುಷಿಯಲ್ಲಿ ಹೊರಗಿನ ಬೇಕರಿಯಲ್ಲಿ ಕ್ಯಾನೆಲೆ ಅನ್ನುವ ಕಂದು ಬಣ್ಣದ ಸಿಹಿ ಎರಡು ತಿಂದರು. ಅದರಲ್ಲಿ ಮೊಟ್ಟೆಯೂ ಇದೆ, ರಮ್ಮೂ ಇದೆ ಎಂದು ಆಮೇಲೆ ತಿಳಿಯಿತು. "ಗೊತ್ತಾದ್ಮೇಲೆ ತಿನ್ನಲ್ಲ ಬಿಡು" ಅಂದರು. ಮೂರನೆಯದನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿದ್ದು ನಾನು ನೋಡಿದೆ.

ಮೆರಿನ್ಯಾಕ್ ಈಗ ಬೋರ್ಡೋ ಊರಿನ ವಿಮಾನ ನಿಲ್ದಾಣ. ನಾವು ನಿನ್ನೆ ರಾತ್ರಿ ಇಳಿದದ್ದೂ ಅಲ್ಲೇ. 1940ರ ಬೇಸಿಗೆಯಲ್ಲಿ ಫ್ರಾನ್ಸ್ ಸೋತ ಮೇಲೆ ಕಾಂಡರ್‌ಗಳ ದಳ, ಹೆಸರು ಕೆಜಿ 40, ಇಲ್ಲಿಗೆ ಬಂದು ಕೂತಿತು. ನಕ್ಷೆ ತೆಗೆದು ನೋಡಿದರೆ ಯಾಕೆಂದು ತಿಳಿಯುತ್ತದೆ. ಜರ್ಮನಿಯಿಂದ ಹೊರಟರೆ ಮಧ್ಯದಲ್ಲಿ ಬ್ರಿಟನ್ ಅಡ್ಡ. ಇಲ್ಲಿಂದ ಹೊರಟರೆ ಬಿಸ್ಕೇ ಕೊಲ್ಲಿ ದಾಟಿ, ಐರ್ಲೆಂಡ್‌ನ ಪಶ್ಚಿಮಕ್ಕೆ ದೊಡ್ಡ ಸುತ್ತು ಹಾಕಿ, ನಾರ್ವೆಯಲ್ಲಿ ಇಳಿಯಬಹುದು. ಪೆಟ್ರೋಲ್ ತುಂಬಿಸಿಕೊಂಡು ಅದೇ ದಾರಿಯಲ್ಲಿ ವಾಪಸ್. ಬ್ರಿಟನ್‌ಗೆ ಬರುವ ಹಡಗುಗಳ ದಾರಿಯನ್ನೆಲ್ಲ ಈ ಸುತ್ತು ಒರೆಸಿಕೊಂಡು ಹೋಗುತ್ತಿತ್ತು.

1940ರ ಬೇಸಿಗೆಯಿಂದ 1941ರ ಫೆಬ್ರವರಿವರೆಗೆ ಮೂರೂವರೆ ಲಕ್ಷ ಟನ್ನಿಗೂ ಹೆಚ್ಚು ಹಡಗು ಮುಳುಗಿಸಿದೆವು ಎಂದು ಜರ್ಮನ್ನರು ಲೆಕ್ಕ ಹಾಕಿಕೊಂಡರು. ಪೈಲಟ್‌ಗಳು ಹೇಳುವ ಟನ್ ಲೆಕ್ಕ, ಮೀನು ಹಿಡಿದವನು ಹೇಳುವ ಮೀನಿನ ಉದ್ದ, ಎರಡೂ ಒಂದೇ ಎಂದು ನನ್ನ ಅಭಿಪ್ರಾಯ. ಅರ್ಧ ಬಿಟ್ಟರೂ ಸಣ್ಣದಲ್ಲ ಅನ್ನಿ.

ಅಪ್ಪ ಕೇಳಿದ್ದು ಬೇರೆ. "ಬೆಳಿಗ್ಗೆ ಲೈನ್ ಮೇಲೆ ಸರ್ವೀಸಬಲ್ ಎಷ್ಟಿರ್ತಿತ್ತು?"

ಆರೋ ಎಂಟೋ.

"ಆರೋ ಎಂಟೋ ಸ್ಕ್ವಾಡ್ರನ್ನಾ?"

ಅಲ್ಲಪ್ಪಾ, ಆರೋ ಎಂಟೋ ವಿಮಾನ.

ಅವರು ಟ್ರಾಮ್ ನಿಲ್ದಾಣದಲ್ಲಿ ನಿಂತು ಜೋರಾಗಿ ನಕ್ಕರು. ಪಕ್ಕದಲ್ಲಿದ್ದ ಹುಡುಗಿ ಇಯರ್‌ಫೋನ್ ತೆಗೆದು ನೋಡಿದಳು. ಇಡೀ ಅಟ್ಲಾಂಟಿಕ್‌ಗೆ ದಿನಕ್ಕೆ ಹಾರಲು ತಯಾರಿರುವ ಆರೆಂಟು ವಿಮಾನ. ಯುದ್ಧಕ್ಕೆ ಮೊದಲಿನ ಪ್ರಯಾಣಿಕ ವಿಮಾನಗಳೂ ಸೇರಿ ಒಟ್ಟು ಮಾಡಿದ್ದೇ 276. ಅದರಲ್ಲೂ ಕೆಲವು ದೊಡ್ಡವರ ಸವಾರಿಗೆ ಹೋದವು, ಹಿಟ್ಲರ್‌ಗೇ ಒಂದಿತ್ತು. 1943ರ ಜನವರಿಯಲ್ಲಿ ಸ್ಟಾಲಿನ್‌ಗ್ರಾಡ್‌ನಲ್ಲಿ ಸಿಕ್ಕಿಬಿದ್ದ ಸೈನ್ಯಕ್ಕೆ ಸಾಮಾನು ಹೊರಲು ಕಾಂಡರ್‌ಗಳನ್ನೇ ಕಳಿಸಿದರು. ಬಸ್ಸು ಲಾರಿಯಾಗಿ, ಲಾರಿ ಮತ್ತೆ ಟೆಂಪೋ ಆಯಿತು.

ಜೊತೆಗೆ ಮನೆಯೊಳಗಿನ ಜಗಳ ಬೇರೆ. ಸಬ್‌ಮರೀನ್‌ಗಳ ಯಜಮಾನ ಡೋನಿಟ್ಸ್‌ಗೆ ಈ ವಿಮಾನಗಳು ಕಣ್ಣಾಗಿ ಬೇಕಿದ್ದವು. ಸಬ್‌ಮರೀನ್ ಮೇಲಿಂದ ಎಷ್ಟು ದೂರ ಕಾಣುತ್ತದೆ, ಹೇಳಿ? ಆದರೆ ಹಾರುವುದೆಲ್ಲ ನನ್ನದೇ ಎನ್ನುವವನು ವಾಯುಸೇನೆಯ ಯಜಮಾನ ಗೋರಿಂಗ್. 1941ರ ಜನವರಿಯಲ್ಲಿ ಗೋರಿಂಗ್ ಬೇಟೆಗೆ ಹೋಗಿದ್ದಾಗ ಹಿಟ್ಲರ್ ಈ ದಳವನ್ನು ಡೋನಿಟ್ಸ್ ಕೈಗೆ ಕೊಟ್ಟ. ಗೋರಿಂಗ್ ವಾಪಸ್ ಬಂದು ಮುನಿಸಿಕೊಂಡ. ಫೆಬ್ರವರಿ ಕೊನೆಗೆ ಮತ್ತೆ ವಾಯುಸೇನೆಗೇ ಹೋಯಿತು, ಹೊಸ ಹುದ್ದೆ, ಹೊಸ ಅಧಿಕಾರಿ. ಎರಡು ತಿಂಗಳಿಗೆ ಮುಗಿದ ಸಂಸಾರ. "ಎಲ್ಲಾ ಕಡೆ ಹೀಗೇ ಕಣೋ" ಅಂದರು ಅಪ್ಪ. ಯಾವ ಡಿಪಾರ್ಟ್‌ಮೆಂಟ್ ನೆನಪಾಯಿತೋ ಕೇಳಲಿಲ್ಲ.

ಮಧ್ಯಾಹ್ನ ಊರ ಉತ್ತರಕ್ಕೆ, ಸಬ್‌ಮರೀನ್ ಬಂಕರ್‌ಗೆ. ಹನ್ನೊಂದು ಕೊಟ್ಟಿಗೆಗಳ ಕಾಂಕ್ರೀಟ್ ಬೆಟ್ಟ. ಕಟ್ಟಲು ದುಡಿಸಿಕೊಂಡವರಲ್ಲಿ ತಮ್ಮ ದೇಶ ಬಿಟ್ಟು ಓಡಿಬಂದ ಸ್ಪೇನಿನ ಗಣರಾಜ್ಯವಾದಿಗಳು ಬಹಳ. ಈಗ ಒಳಗೆ ನೀರಿನ ಮೇಲೆ ದೊಡ್ಡ ಕಲಾವಿದರ ಚಿತ್ರಗಳನ್ನು ಬೆಳಕಿನಲ್ಲಿ ಹಾಯಿಸುತ್ತಾರೆ. ಚೆನ್ನಾಗಿದೆ. ಆದರೂ ಆ ಗೋಡೆಯ ಮೇಲೆ ಬಂಗಾರದ ಹೂವು ತೇಲುವುದನ್ನು ನೋಡುತ್ತಾ ನನಗೆ ಏನೋ ಕಸಿವಿಸಿ.

ಅಲ್ಲಿ ಕೂತು ಅಪ್ಪನಿಗೆ ರೋಹ್ನಾ ಹಡಗಿನ ಕಥೆ ಹೇಳಿದೆ. ಇದು ಕಾಂಡರ್ ಕಥೆಯಲ್ಲ, ಅದರ ತಮ್ಮನ ಕಥೆ. ತಡವಾಗಿ ಬಂದ ಹೈಂಕೆಲ್ 177, ಅದೇ ಕೆಜಿ 40 ದಳ, ಅದೇ ಮೆರಿನ್ಯಾಕ್. 1943ರ ನವೆಂಬರ್ 26, ಅಲ್ಜೀರಿಯಾ ತೀರ. ವಿಮಾನದಿಂದ ಬಿಟ್ಟು ರೇಡಿಯೋದಲ್ಲಿ ದಾರಿ ತೋರಿಸುವ ಹೆನ್ಶೆಲ್ 293 ಬಾಂಬು ರೋಹ್ನಾಗೆ ತಗುಲಿತು. 1,138 ಜನ ಸತ್ತರು. ಅವರಲ್ಲಿ 1,015 ಮಂದಿ ಅಮೆರಿಕದ ಸೈನಿಕರು. ರೋಹ್ನಾ ನಮ್ಮ ಕಡೆಯ ಸಮುದ್ರದಲ್ಲೇ ಓಡಾಡಿಕೊಂಡಿದ್ದ ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗು. ಖಲಾಸಿಗಳೆಲ್ಲ ಹೆಚ್ಚಾಗಿ ಭಾರತದವರು. 195 ಸಿಬ್ಬಂದಿಯಲ್ಲಿ 117 ಮಂದಿ ಹೋದರು.

ಅಪ್ಪ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಜೇಬಿನಿಂದ ಕ್ಯಾನೆಲೆ ತೆಗೆದು ಅರ್ಧ ನನಗೆ ಕೊಟ್ಟರು.

ಐದನೇ ದಿನ: ಲಿವರ್‌ಪೂಲ್

ವೀಸಾ ಬಗ್ಗೆ ಒಂದು ಮಾತು, ಯಾರಿಗಾದರೂ ಉಪಯೋಗಕ್ಕೆ ಬರಲಿ. ಭಾರತದ ಪಾಸ್‌ಪೋರ್ಟ್ ಇದ್ದವರು ಬ್ರಿಟನ್ ವೀಸಾದಲ್ಲೇ ಐರ್ಲೆಂಡ್‌ಗೂ ಹೋಗುವ ಒಂದು ಏರ್ಪಾಡು ಇದೆ. ಆದರೆ ಮೊದಲು ಬ್ರಿಟನ್‌ನಲ್ಲಿ ಇಳಿಯಬೇಕು. ಹಾಗಾಗಿ ನಮ್ಮ ದಾರಿ ಲಿವರ್‌ಪೂಲ್ ಮೇಲೆ. ಅದು ಹೇಗೂ ನೋಡಲೇಬೇಕಾದ ಊರು.

ಡರ್ಬಿ ಹೌಸ್ ಎಂಬ ಕಟ್ಟಡದ ನೆಲಮಾಳಿಗೆಯಲ್ಲಿ ವೆಸ್ಟರ್ನ್ ಅಪ್ರೋಚಸ್ ಕಮಾಂಡ್ ಇತ್ತು. ಅಟ್ಲಾಂಟಿಕ್ ಯುದ್ಧವನ್ನು ಬ್ರಿಟಿಷರು ನಡೆಸಿದ್ದು ಇಲ್ಲಿಂದ. ಈಗ ಮ್ಯೂಸಿಯಂ. ಮೆಟ್ಟಿಲಿಳಿದು ಹೋದರೆ ಎರಡು ಅಂತಸ್ತಿನ ಎತ್ತರದ ಗೋಡೆ, ಗೋಡೆ ತುಂಬಾ ಸಮುದ್ರದ ನಕ್ಷೆ, ಅದಕ್ಕೆ ಒರಗಿಸಿದ ಏಣಿ. ನೌಕಾಪಡೆಯ ಹುಡುಗಿಯರು ಏಣಿ ಹತ್ತಿ ಹತ್ತಿ ಹಡಗು, ಸಬ್‌ಮರೀನ್ ಗುರುತುಗಳನ್ನು ಸರಿಸುತ್ತಿದ್ದರು. ಕಾನ್ವಾಯ್ ಅಂದರೆ ಮೂವತ್ತು ನಲವತ್ತು ಸರಕು ಹಡಗುಗಳ ಗುಂಪು, ಸುತ್ತ ಕೆಲವೇ ಯುದ್ಧನೌಕೆಗಳ ಕಾವಲು. ನಕ್ಷೆಯ ಮೇಲೆ ಅದೊಂದು ಸಣ್ಣ ಗುರುತು.

ಕಮಾಂಡ್ ಇಲ್ಲಿ ಕೆಲಸ ಶುರು ಮಾಡಿದ್ದು 1941ರ ಫೆಬ್ರವರಿ 7ಕ್ಕೆ. ಎರಡೇ ದಿನಕ್ಕೆ ಎಚ್‌ಜಿ 53. ಜಿಬ್ರಾಲ್ಟರ್‌ನಿಂದ ಊರ ಕಡೆ ಹೊರಟಿದ್ದ ಕಾನ್ವಾಯ್. ಯು-37 ಎಂಬ ಸಬ್‌ಮರೀನ್ ಅದನ್ನು ಕಂಡು ಎರಡು ಹಡಗು ಮುಳುಗಿಸಿ, ಬೋರ್ಡೋಗೆ ಸುದ್ದಿ ಮುಟ್ಟಿಸಿತು. ಫೆಬ್ರವರಿ 9ರಂದು ಐದು ಕಾಂಡರ್ ಬಂದವು. ಐದು ಹಡಗು ಮುಳುಗಿದವು. ಆಮೇಲೆ ಅಡ್ಮಿರಲ್ ಹಿಪ್ಪರ್ ಯುದ್ಧನೌಕೆ ಬಂದು ಹಿಂದೆ ಬಿದ್ದ ಇನ್ನೊಂದನ್ನು ಮುಗಿಸಿತು. ಆ ತಿಂಗಳ 26ಕ್ಕೆ ಒಬಿ 290 ಎಂಬ ಇನ್ನೊಂದು ಕಾನ್ವಾಯ್. ಪ್ರೀನ್ ಎಂಬ ಹೆಸರಾಂತ ಕಮಾಂಡರ್‌ನ ಯು-47 ಮೊದಲು ಹೊಡೆದು, ಕಾಂಡರ್‌ಗಳನ್ನು ಕರೆಯಿತು. ಅವು ಏಳು ಹಡಗು ಮುಳುಗಿಸಿದವು. ಇಡೀ ಯುದ್ಧದಲ್ಲಿ ಕಾಂಡರ್‌ಗಳ ದೊಡ್ಡ ದಿನ ಅದೇ.

ಗಮನಿಸಿ, ಎರಡೂ ಸಲ ಹುಡುಕಿದ್ದು ಸಬ್‌ಮರೀನ್, ಹೊಡೆದದ್ದು ವಿಮಾನ. ಯೋಜನೆ ಇದ್ದದ್ದು ತಿರುಗಾಮುರುಗಾ: ವಿಮಾನ ಹುಡುಕಬೇಕು, ಸಬ್‌ಮರೀನ್ ಹೊಡೆಯಬೇಕು.

ಮಾರ್ಚ್ 6ಕ್ಕೆ ಚರ್ಚಿಲ್ ಅಟ್ಲಾಂಟಿಕ್ ಯುದ್ಧದ ಆದೇಶ ಹೊರಡಿಸಿದ. ಯು-ಬೋಟ್ (ಜರ್ಮನ್ ಸಬ್‌ಮರೀನ್) ಮತ್ತು ಫೋಕೆ-ವುಲ್ಫ್ (ಅಂದರೆ ಕಾಂಡರ್) ಎರಡನ್ನೂ ಎಲ್ಲಿ ಸಿಕ್ಕರೆ ಅಲ್ಲಿ, ಯಾವಾಗ ಸಿಕ್ಕರೆ ಆವಾಗ ಹೊಡೆಯಬೇಕು ಎಂದು ಅದರಲ್ಲಿದೆ. ಆರೆಂಟು ಬಸ್ಸುಗಳಿಗೆ ಯು-ಬೋಟ್‌ನ ಪಕ್ಕದ ಕುರ್ಚಿ! ಕಾಂಡರ್‌ನ ನಿಜವಾದ ಗೆಲುವು ಇದೇ ಅನ್ನಿಸಿತು ನನಗೆ. ಅದು ಮುಳುಗಿಸಿದ್ದಕ್ಕಿಂತ ಅದಕ್ಕೆ ಹೆದರಿ ಎದುರಾಳಿ ಮಾಡಿದ ಖರ್ಚು ದೊಡ್ಡದು.

ಖರ್ಚಿನ ಮೊದಲ ಬಾಬ್ತು ಕ್ಯಾಮ್ ಹಡಗು. 35 ಸರಕು ಹಡಗುಗಳ ಮೂತಿಗೆ ಒಂದು ಹಳಿ ಕಟ್ಟಿದರು. ಅದರ ಮೇಲೆ ಒಂದು ಹರಿಕೇನ್ ಫೈಟರ್. ಕಾಂಡರ್ ಕಂಡರೆ ರಾಕೆಟ್ ಹಚ್ಚಿ ಅದನ್ನು ಮೇಲಕ್ಕೆ ಎಸೆಯುವುದು. ವಾಪಸ್ ಇಳಿಯಲು ಜಾಗವಿಲ್ಲ. ಪೈಲಟ್ ಕಾಂಡರ್ ಓಡಿಸಿಬಿಟ್ಟು, ಯಾವುದಾದರೂ ಹಡಗಿನ ಹತ್ತಿರ ಪ್ಯಾರಾಶೂಟ್‌ನಲ್ಲಿ ಹಾರಬೇಕು, ಇಲ್ಲ ವಿಮಾನವನ್ನೇ ನೀರಿಗೆ ಇಳಿಸಬೇಕು. ನೀರು ಎಂಥ ನೀರು, ಅಟ್ಲಾಂಟಿಕ್.

ಅಪ್ಪನಿಗೆ ಪೈಲಟ್‌ಗಿಂತ ವಿಮಾನದ ಚಿಂತೆ. "ಒಂದ್ಸಲಕ್ಕೆ ಒಂದು ಏರೋಪ್ಲೇನ್ ನೀರಿಗಾ? ಆ ಫೈಲ್‌ಗೆ ಯಾರು ಸೈನ್ ಹಾಕಿದ್ರು?"

ಹಾಕಿದ್ದರು. 1941ರ ಆಗಸ್ಟ್ 3ರಂದು ಮ್ಯಾಪ್ಲಿನ್ ಎಂಬ ನೌಕಾಪಡೆಯ ಹಡಗಿನಿಂದ ಹೀಗೆ ಎಸೆದ ಹರಿಕೇನ್‌ನಲ್ಲಿ ಎವರೆಟ್ ಎಂಬ ಪೈಲಟ್ ಒಂದು ಕಾಂಡರ್ ಉರುಳಿಸಿದ, ನೀರಿಗಿಳಿದ, ಬದುಕಿದ.

ಎರಡನೇ ಬಾಬ್ತು ಇನ್ನೂ ಚೆನ್ನಾಗಿದೆ. ಜರ್ಮನ್ನರದೇ ಬಾಳೆಹಣ್ಣಿನ ಹಡಗು ಹನೋವರ್ ಬ್ರಿಟಿಷರ ಕೈಗೆ ಸಿಕ್ಕಿತ್ತು. ಅದರ ಮೇಲ್ಭಾಗ ಕತ್ತರಿಸಿ ಚಪ್ಪಟೆ ಹಲಗೆ ಹಾಕಿ ಸಣ್ಣ ವಿಮಾನವಾಹಕ ಮಾಡಿದರು. ಹೆಸರು ಆಡಾಸಿಟಿ. ಒಳಗೆ ಹ್ಯಾಂಗರ್ ಇಲ್ಲ, ಬಿಸಿಲು ಮಳೆ ಎಲ್ಲಕ್ಕೂ ವಿಮಾನ ಮೇಲೇ. ಅಮೆರಿಕದಲ್ಲಿ ಮಾಡಿದ ಮಾರ್ಟ್ಲೆಟ್ ಫೈಟರ್‌ಗಳು ಒಂದು ಕೈಬೆರಳೆಣಿಕೆ. ಅದರ ಪೈಲಟ್‌ಗಳಲ್ಲಿ ಒಬ್ಬ ಎರಿಕ್ ಬ್ರೌನ್, ಮುಂದೆ 487 ಬಗೆಯ ವಿಮಾನ ಹಾರಿಸಿ ದಾಖಲೆ ಮಾಡಿದವನು. ಕಾಂಡರ್‌ಗೆ ಹಿಂದಿನಿಂದ ಹೋದರೆ ಬಂದೂಕುಗಳು ಕಾಯುತ್ತಿರುತ್ತವೆ. ಎದುರಿಗೇ ನುಗ್ಗಿ ಕಾಕ್‌ಪಿಟ್‌ಗೆ ಹೊಡೆಯಬೇಕು ಎಂದು ಅವನು ಕಂಡುಕೊಂಡ.

1941ರ ಡಿಸೆಂಬರ್‌ನಲ್ಲಿ ಎಚ್‌ಜಿ 76 ಹೊರಟಿತು. 32 ಸರಕು ಹಡಗು, ಕಾವಲಿಗೆ ವಾಕರ್ ಎಂಬ ಗಟ್ಟಿ ಮನುಷ್ಯ, ಜೊತೆಗೆ ಆಡಾಸಿಟಿ. ಕಾಂಡರ್‌ಗಳು ಬಂದವು, ಮಾರ್ಟ್ಲೆಟ್‌ಗಳು ಅಟ್ಟಿದವು, ಕೆಲವನ್ನು ಉರುಳಿಸಿದವು. ಐದು ಯು-ಬೋಟ್ ಮುಳುಗಿದವು. ಸರಕು ಹಡಗು ಹೋದದ್ದು ಎರಡೇ. ಆಡಾಸಿಟಿಯನ್ನು ಡಿಸೆಂಬರ್ 21ರ ರಾತ್ರಿ ಯು-751 ಹೊಡೆದುಹಾಕಿತು. ಆದರೆ ಅಷ್ಟರಲ್ಲಿ ವಿಷಯ ಗೊತ್ತಾಗಿಹೋಗಿತ್ತು. ಕಾನ್ವಾಯ್ ಜೊತೆ ಒಂದು ಮುರುಕು ಹಲಗೆ, ಮೇಲೆ ನಾಲ್ಕು ಫೈಟರ್ ಇದ್ದರೆ ಸಾಕು, ಕಾಂಡರ್ ಹತ್ತಿರ ಬರಲ್ಲ.

ಮ್ಯೂಸಿಯಂ ಮುಚ್ಚುವ ಹೊತ್ತಾಯಿತೆಂದು ಕಾವಲಿನವರು ಬಂದು ಹೇಳುವವರೆಗೂ ಅಪ್ಪ ಆ ಏಣಿಯ ಕೆಳಗೇ ಇದ್ದರು. ಏಣಿಯ ಚಕ್ರ ಯಾವ ಥರದ್ದು ಎಂದು ಬಗ್ಗಿ ನೋಡುತ್ತಿದ್ದರು.

ಆರನೇ ದಿನ: ಸಮುದ್ರದ ಮೇಲೆ

ಲಿವರ್‌ಪೂಲ್‌ನ ಎದುರು ದಡದ ಬರ್ಕನ್‌ಹೆಡ್‌ನಿಂದ ಬೆಲ್‌ಫಾಸ್ಟ್‌ಗೆ ಹಡಗು. ಎಂಟು ಗಂಟೆ ಪ್ರಯಾಣ. ವಿಮಾನದಲ್ಲಿ ಮುಕ್ಕಾಲು ಗಂಟೆ, ಆದರೆ ನನಗೆ ಅಪ್ಪನಿಗೆ ನೀರು ತೋರಿಸಬೇಕಿತ್ತು. ಮರ್ಸಿ ನದಿಯ ಬಾಯಿ ದಾಟಿದರೆ ಗಾಳಿಯಂತ್ರಗಳ ಕಾಡು. ಆಮೇಲೆ ಬರೀ ಬೂದುಬಣ್ಣ.

ಫ್ರಾನ್ಸ್ ಬಿದ್ದ ಮೇಲೆ ಐರ್ಲೆಂಡ್‌ನ ದಕ್ಷಿಣದ ದಾರಿ ಹಡಗುಗಳಿಗೆ ಮುಚ್ಚಿಹೋಯಿತು. ಅಮೆರಿಕದಿಂದ ಬರುವ ಗೋಧಿ, ಪೆಟ್ರೋಲ್, ಮಾಂಸ ಎಲ್ಲ ಐರ್ಲೆಂಡ್‌ನ ಉತ್ತರ ಸುತ್ತಿ ಈ ನೀರಿಗೇ ಇಳಿಯಬೇಕಿತ್ತು.

ಡೆಕ್ ಮೇಲೆ ನಿಂತು ಕಾಂಡರ್ ಹೇಗೆ ಬರುತ್ತಿತ್ತು ಎಂದು ಕೈಯಲ್ಲೇ ತೋರಿಸಿದೆ. ಮೊದಮೊದಲು ಅವರ ಹತ್ತಿರ ಒಳ್ಳೆಯ ಬಾಂಬ್ ಸೈಟ್, ಅಂದರೆ ಬಾಂಬಿಗೆ ಗುರಿ ಹಿಡಿಯುವ ಸಾಧನ, ಇರಲಿಲ್ಲ. ಅದಕ್ಕೇ ಹಡಗಿನ ಪಕ್ಕದಿಂದ, ಅಲೆಗೆ ತಾಗುವಷ್ಟು ಕೆಳಗೆ ನುಗ್ಗಿ, ಹಡಗು ಕಣ್ತುಂಬಾ ಕಾಣುವಾಗ ಬಾಂಬು ಬಿಟ್ಟು, ಪಟಸ್ತಂಭದ ಮೇಲಿಂದ ಎದ್ದು ಹೋಗುವುದು. ಹಡಗಿನಲ್ಲಿ ಬಂದೂಕು ಇಲ್ಲದಾಗ ಇದು ಸುಲಭ. 1940ರಲ್ಲಿ ಎಷ್ಟೋ ಹಡಗುಗಳು ಒಂಟಿಯಾಗಿ, ಬರಿಗೈಯಲ್ಲಿ ಬರುತ್ತಿದ್ದವು. 1941ರ ನಡುವೆ ಹಡಗುಗಳಿಗೆ ಬಂದೂಕು ಬಂತು. ಅಷ್ಟು ದೊಡ್ಡ, ಅಷ್ಟು ನಿಧಾನದ, ಅಷ್ಟು ತೆಳು ಮೈಯ ವಿಮಾನ ಅಷ್ಟು ಕೆಳಗೆ ಬಂದರೆ ಏನಾಗುತ್ತದೆ? ಹೊಡೆಯಬೇಡಿ, ದೂರದಿಂದ ನೋಡಿ ಸುದ್ದಿ ಕೊಡಿ ಸಾಕು ಎಂದು ಅವರಿಗೆ ಆದೇಶ ಬಂತು. ಒಟ್ಟು ಮೆರೆದದ್ದು ಒಂದು ವರ್ಷವೂ ಇಲ್ಲ.

ಸುದ್ದಿ ಕೊಡುವ ಕೆಲಸವಾದರೂ ಚೆನ್ನಾಗಿ ನಡೆಯಿತಾ? ಅರ್ಧಂಬರ್ಧ. ಕೆಳಗೆ ಗುರುತು ಹಿಡಿಯಲು ಏನೂ ಇಲ್ಲದ ನೀರಿನ ಮೇಲೆ ಏಳೆಂಟು ಗಂಟೆ ಹಾರಿದವನಿಗೆ ತಾನೆಲ್ಲಿದ್ದೇನೆ ಎಂಬುದೇ ಅಂದಾಜು. ಕಾನ್ವಾಯ್ ಕಂಡೆ ಎಂದು ಅವನು ಹೇಳುವ ಜಾಗ ಎಷ್ಟೋ ಸಲ ಹತ್ತಾರು ಮೈಲಿ ತಪ್ಪಿರುತ್ತಿತ್ತು. ಸಬ್‌ಮರೀನ್ ನೀರಿನ ಮೇಲೆ ಓಡಿದರೂ ಗಂಟೆಗೆ 30 ಕಿ.ಮೀ. ಆಸುಪಾಸು. ಹೇಳಿದ ಜಾಗಕ್ಕೆ ರಾತ್ರಿಯೆಲ್ಲ ಓಡಿ ಹೋದರೆ ಅಲ್ಲಿ ಬರೀ ಅಲೆ. ಕೊನೆಗೆ ಬೇರೆ ಉಪಾಯ ಮಾಡಿದರು. ಜಾಗ ಹೇಳಬೇಡ, ಕಾನ್ವಾಯ್ ಹತ್ತಿರವೇ ಸುತ್ತುತ್ತಾ ರೇಡಿಯೋದಲ್ಲಿ ಕುಯ್ಯೆನ್ನುತ್ತಿರು, ಸಬ್‌ಮರೀನ್‌ಗಳೇ ಆ ಸದ್ದಿನ ದಿಕ್ಕು ಹಿಡಿದುಕೊಂಡು ಬರುತ್ತವೆ. ಜಿಬ್ರಾಲ್ಟರ್ ದಾರಿಯಲ್ಲಿ ಇದು ಕೆಲಸ ಮಾಡಿತು. ಆದರೆ ಸುತ್ತುತ್ತಾ ಇರಲು ಮೇಲೆ ಒಂದು ವಿಮಾನ ಯಾವಾಗಲೂ ಇರಬೇಕಲ್ಲ. ಅಲ್ಲಿಗೆ ಮತ್ತೆ ಅಪ್ಪನ ಪ್ರಶ್ನೆ: ಬೆಳಿಗ್ಗೆ ಸರ್ವೀಸಬಲ್ ಎಷ್ಟು?

ಅಪ್ಪ ಹೂಂ ಹೂಂ ಅನ್ನುತ್ತಾ ರೇಲಿಂಗ್ ಹಿಡಿದುಕೊಂಡಿದ್ದರು. ಆಮೇಲೆ ಗೊತ್ತಾಯಿತು, ವಾಂತಿ ತಡೆದುಕೊಂಡಿದ್ದರು. ಶುಂಠಿ ಮಿಠಾಯಿ ಕೊಟ್ಟು ಒಳಗೆ ಕೂರಿಸಿದೆ.

ಏಳನೇ ದಿನ: ಡೊನೆಗಾಲ್

ಬೆಲ್‌ಫಾಸ್ಟ್‌ನಲ್ಲಿ ಬಾಡಿಗೆ ಕಾರು. ಡೆರ್ರಿ ಊರಿನ ಹತ್ತಿರ ಫಾಯ್ಲ್ ನದಿಯ ದಂಡೆಯಲ್ಲಿ ಲಿಸಹಾಲಿ. 1945ರ ಮೇ 14ರಂದು ಶರಣಾದ ಯು-ಬೋಟ್‌ಗಳು ಸಾಲಾಗಿ ಬಂದು ನಿಂತದ್ದು ಇಲ್ಲಿ. ಕಾರಿನಿಂದಲೇ ನೋಡಿ ಮುಂದೆ ಹೋದೆವು. ಗಡಿ ಎಲ್ಲಿ ದಾಟಿದೆವೋ ತಿಳಿಯಲಿಲ್ಲ, ರಸ್ತೆಯ ಬೋರ್ಡಿನಲ್ಲಿ ಮೈಲಿ ಹೋಗಿ ಕಿಲೋಮೀಟರ್ ಬಂದಾಗ ಗೊತ್ತಾಯಿತು.

ಮಾಲಿನ್ ಹೆಡ್ ಐರ್ಲೆಂಡ್‌ನ ಉತ್ತರದ ತುತ್ತತುದಿ. ಹುಲ್ಲಿನ ಮೇಲೆ ಕಲ್ಲಿನಲ್ಲಿ ದೊಡ್ಡದಾಗಿ ಬರೆದಿದೆ: ಏರಾ, 80. ಏರಾ ಅಂದರೆ ಐರ್ಲೆಂಡ್, ಅವರ ಭಾಷೆಯಲ್ಲಿ. ಯುದ್ಧದಲ್ಲಿ ಐರ್ಲೆಂಡ್ ಯಾರ ಕಡೆಗೂ ಇರಲಿಲ್ಲ. ಮೇಲೆ ಹಾರುವವರಿಗೆ ಇದು ಬೇರೆ ದೇಶ ಎಂದು ತಿಳಿಯಲಿ ಅಂತ ತೀರದ ಉದ್ದಕ್ಕೂ 83 ಕಾವಲು ಚೌಕಿ ಇಟ್ಟು, ಇಂಥ ಅಕ್ಷರ ಕಟ್ಟಿದರು. ದಾರಿ ತಪ್ಪಿದವರಿಗೆ ಇದೇ ಮೈಲಿಗಲ್ಲೂ ಆಯಿತು. ಎಲ್ಲರಿಗೂ ಅಲ್ಲ. 1940ರ ಆಗಸ್ಟ್ 20ರಂದು, ಈ ಅಕ್ಷರಗಳು ಬರುವ ಮೊದಲೇ, ಒಂದು ಕಾಂಡರ್ ದೂರದ ಕೆರ್ರಿಯಲ್ಲಿ ಬ್ರ್ಯಾಂಡನ್ ಬೆಟ್ಟಕ್ಕೆ ಬಡಿಯಿತು. ಒಳಗಿದ್ದವರೆಲ್ಲ ಬದುಕಿದರು, ಯುದ್ಧ ಮುಗಿಯುವವರೆಗೆ ಐರ್ಲೆಂಡ್‌ನಲ್ಲೇ ಬಂಧನ.

ಸಂಜೆಗೆ ಪಶ್ಚಿಮಕ್ಕೆ, ಬ್ಲಡಿ ಫೋರ್‌ಲ್ಯಾಂಡ್‌ಗೆ. ಹೆಸರಿಗೆ ಹೆದರಬೇಡಿ. ಸಂಜೆ ಬಿಸಿಲಿಗೆ ಬಂಡೆಗಳು ಕೆಂಪಾಗುತ್ತವೆ, ಅಷ್ಟೇ. ಬೇಸಿಗೆಯಲ್ಲಿ ಇಲ್ಲಿ ರಾತ್ರಿ ಹತ್ತರವರೆಗೂ ಬೆಳಕು. ನನ್ನ ಪಟ್ಟಿಯಲ್ಲಿ ಇದು ಕೊನೆಯ ಜಾಗ. ಇಲ್ಲಿಂದ ವಾಯವ್ಯಕ್ಕೆ, ಸಮುದ್ರದೊಳಗೆ, ಎಂಪ್ರೆಸ್ ಆಫ್ ಬ್ರಿಟನ್ ಮಲಗಿದೆ.

42,348 ಟನ್‌ನ ಐಷಾರಾಮಿ ಹಡಗು, ಯುದ್ಧಕ್ಕೆ ಸೈನಿಕರನ್ನು ಹೊರುತ್ತಿತ್ತು. 1940ರ ಅಕ್ಟೋಬರ್ 26ರ ಬೆಳಿಗ್ಗೆ ಬರ್ನ್‌ಹಾರ್ಡ್ ಯೋಪೆ ಎಂಬ ಪೈಲಟ್‌ನ ಕಾಂಡರ್ ಅದನ್ನು ಕಂಡಿತು. ಬಾಂಬು ಬಿದ್ದು ಬೆಂಕಿ ಹತ್ತಿತು. 45 ಜನ ಸತ್ತರು, ಉಳಿದವರನ್ನು ಇಳಿಸಿಕೊಂಡರು. ಆದರೆ ಹಡಗು ಮುಳುಗಲಿಲ್ಲ! ಉರಿಯುತ್ತಲೇ ತೇಲುತ್ತಿತ್ತು. ಹಗ್ಗ ಕಟ್ಟಿ ಎಳೆದುಕೊಂಡು ಹೊರಟರು. ಅಕ್ಟೋಬರ್ 28ರಂದು ಯು-32 ಬಂದು ಟಾರ್ಪೆಡೋ ಹೊಡೆದ ಮೇಲೇ ಅದು ತಳ ಸೇರಿದ್ದು. ಎರಡು ದಿನ ಬಿಟ್ಟು ಯು-32 ಕೂಡ ಮುಳುಗಿತು. ಯೋಪೆ ಬದುಕಿದ. ಯುದ್ಧ ಮುಗಿದ ಮೇಲೆ ಲುಫ್ತಾನ್ಸಾದಲ್ಲಿ ಪ್ರಯಾಣಿಕರ ವಿಮಾನ ಹಾರಿಸಿದ.

"ಹಂಗಾದ್ರೆ ಲೆಕ್ಕ ಯಾರ ಖಾತೆಗೆ?" ಅಂದರು ಅಪ್ಪ.

ಪುಸ್ತಕಗಳಲ್ಲಿ ಯು-32ರ ಖಾತೆಗೇ. ಯು-ಬೋಟ್ ಮುಳುಗಿಸಿದ ಹಡಗುಗಳಲ್ಲೆಲ್ಲ ಅದೇ ದೊಡ್ಡದು ಎಂದು ಹೇಳುತ್ತಾರೆ. ಆದರೆ ಕಾಂಡರ್ ಕಾಣದೆ ಹೋಗಿದ್ದರೆ ಯು-32ಕ್ಕೆ ಅದು ಸಿಗುತ್ತಿತ್ತಾ?

ಅಪ್ಪ ಉತ್ತರ ಕೊಡಲಿಲ್ಲ. ದೂರದಲ್ಲಿ ಒಂದು ಮೀನು ದೋಣಿ ಹೋಗುತ್ತಿತ್ತು. ಬೈನಾಕ್ಯುಲರ್ ಕಣ್ಣಿಗಿಟ್ಟು ಅದನ್ನೇ ನೋಡುತ್ತಿದ್ದರು.

"ಅಪ್ಪಾ, ಎಷ್ಟು ದೂರ ಇರಬಹುದು ಹೇಳಿ?"

"ನಾಲ್ಕು ಕಿಲೋಮೀಟರ್. ಜಾಸ್ತಿ ಅಂದ್ರೆ ಐದು."

"ಯಾವ ದಿಕ್ಕು?"

"ಸೀದಾ ಪಶ್ಚಿಮ."

ನನ್ನ ಮೊಬೈಲ್‌ನಲ್ಲಿ ಹಡಗುಗಳ ಜಾಗ ತೋರಿಸುವ ಆ್ಯಪ್ ಇತ್ತು. ತೆಗೆದು ನೋಡಿದೆ. 11 ಕಿಲೋಮೀಟರ್, ವಾಯವ್ಯಕ್ಕೆ.

ಅಪ್ಪ ಮೊಬೈಲ್ ಇಸಿದುಕೊಂಡು ನೋಡಿದರು. ಬೈನಾಕ್ಯುಲರ್‌ನಲ್ಲಿ ಮತ್ತೆ ದೋಣಿ ನೋಡಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

"ನಿನ್ನ ಮೊಬೈಲೇ ತಪ್ಪು ಕಣೋ" ಅಂದರು.